ಪದ ಪರಿಚಯ: ಅಂತರ್‌ವಿಭಾಗ ತಂಡ

ಕಾಗದದ ಅರ್ಜಿಯನ್ನು ಸ್ಕ್ಯಾನ್ ಮಾಡಿಟ್ಟರೆ ಅದು ಡಿಜಿಟಲೀಕರಣ. ಅರ್ಜಿಯನ್ನು ಪೋರ್ಟಲ್‌ನಲ್ಲೇ ತುಂಬಿಸಿಕೊಂಡರೂ ಅದು ಹಿಂದಿನಂತೆ ಐದು ಮೇಜು ಸುತ್ತಬೇಕಾದರೆ ಹೆಚ್ಚೇನೂ ಬದಲಾಗಿಲ್ಲ. ಐದು ಮೇಜು ಯಾಕೆ ಬೇಕು ಎಂದು ಕೇಳಿ ಎರಡಕ್ಕೆ ಇಳಿಸಿದಾಗ ಡಿಜಿಟಲ್ ಪರಿವರ್ತನೆ ಶುರುವಾಗುತ್ತದೆ. ವಿಶ್ವವಿದ್ಯಾಲಯದ ಯಾವುದೇ ವಿಭಾಗ ಒಂಟಿಯಾಗಿ ಇದನ್ನು ಮಾಡಲಾರದು, ಉಳಿದ ಮೇಜುಗಳು ಅದರವಲ್ಲವಲ್ಲ! ಅದಕ್ಕೇ ಅಂತರ್‌ವಿಭಾಗ ತಂಡ ಬೇಕು. ಬೋಧಕರು, ಪ್ರವೇಶ, ಪರೀಕ್ಷೆ, ಲೆಕ್ಕಪತ್ರ, ಐಟಿ ವಿಭಾಗಗಳಿಂದ ಒಬ್ಬೊಬ್ಬರು, ಜೊತೆಗೊಬ್ಬ ವಿದ್ಯಾರ್ಥಿ ಪ್ರತಿನಿಧಿ.

ಸಮಿತಿಯಾದರೆ ಶಿಫಾರಸು ಬರೆದು ಏಳಬಹುದು, ತಂಡ ಕೆಲಸ ಮುಗಿಸಿಕೊಡಬೇಕು. ಹಾಗಾಗಿ ತಮ್ಮ ವಿಭಾಗದ ಪರವಾಗಿ ಅಲ್ಲೇ ತೀರ್ಮಾನ ಹೇಳುವ ಅಧಿಕಾರ ಸದಸ್ಯರಿಗಿರಬೇಕು. "ಮೇಲಿನವರನ್ನು ಕೇಳಿ ಹೇಳ್ತೀನಿ" ಅನ್ನುವವರೇ ತುಂಬಿದ್ದರೆ ಆ ತಂಡ ಟಪಾಲು ಸಾಗಿಸುತ್ತದೆ, ಅಷ್ಟೆ.

ಸಂಸ್ಥೆಯೊಂದು ಕಟ್ಟುವ ವ್ಯವಸ್ಥೆ ಅದರೊಳಗಿನ ಮಾತುಕತೆಯ ಜಾಡನ್ನೇ ಹೋಲುತ್ತದೆ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್‌ವೇ 1968ರಲ್ಲಿ ಬರೆದರು. ಇದೇ ಕಾನ್‌ವೇ ನಿಯಮ. ಪ್ರವೇಶದವರೂ ಪರೀಕ್ಷೆಯವರೂ ಮಾತಾಡಿಕೊಳ್ಳದಿದ್ದರೆ ಒಬ್ಬನೇ ವಿದ್ಯಾರ್ಥಿಗೆ ಎರಡು ನೋಂದಣಿ ಸಂಖ್ಯೆ ಹುಟ್ಟುತ್ತದೆ. ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ಅಂಕ ಸೇರಿಸುವಾಗ ದಾಖಲೆಗಳು ತಾಳೆಯಾಗುವುದಿಲ್ಲ. ಯಾರೋ ರಾತ್ರಿ ಕೂತು ಎಕ್ಸೆಲ್‌ನಲ್ಲಿ ಹೊಂದಿಸುತ್ತಾರೆ, ಬೈಗುಳ ಮಾತ್ರ ಸಾಫ್ಟ್‌ವೇರ್‌ಗೆ. ಸಾಫ್ಟ್‌ವೇರ್ ಕೊಳ್ಳುವ ಮೊದಲೇ ತಂಡ ಕೂತು ಯಾವ ಮಾಹಿತಿಗೆ ಯಾರು ಯಜಮಾನರು ಎಂದು ಬರೆದಿಟ್ಟುಕೊಳ್ಳಬೇಕು: ಹೆಸರು, ಜನ್ಮದಿನಾಂಕ ತಿದ್ದುವ ಹಕ್ಕು ಪ್ರವೇಶ ವಿಭಾಗಕ್ಕೆ, ಅಂಕಗಳದ್ದು ಪರೀಕ್ಷಾ ವಿಭಾಗಕ್ಕೆ, ಶುಲ್ಕದ್ದು ಲೆಕ್ಕಪತ್ರಕ್ಕೆ. ಬೇರೆಯವರು ತಮ್ಮ ಕೆಲಸಕ್ಕೆ ಬೇಕಾದಷ್ಟನ್ನು ನೋಡಬಹುದು, ತಿದ್ದುವಂತಿಲ್ಲ.

ಒಬ್ಬೊಬ್ಬರ ಬದಲು ಇಬ್ಬಿಬ್ಬರಿರಲಿ ಎಂಬ ಆಸೆ ಬರುವುದು ಸಹಜ. ಆದರೆ 6 ಜನರ ನಡುವೆ 15 ಜೋಡಿ ಸಂಪರ್ಕವಿದ್ದರೆ, 12 ಜನರಾದಾಗ ಅದು 66ಕ್ಕೆ ಏರುತ್ತದೆ.

ಮೊದಲು ಕಳಚಿಕೊಳ್ಳುವವರು ಸಾಮಾನ್ಯವಾಗಿ ಬೋಧಕರು. ಪಾಠದ ಗಂಟೆ ಕಡಿಮೆ ಮಾಡದೆ ತಂಡಕ್ಕೆ ಸೇರಿಸಿದರೆ ಪರೀಕ್ಷೆ ಹತ್ತಿರ ಬಂದಾಗ ಅವರು ಸಭೆಗೆ ಬರಲಾರರು, ಅಂಕ ತುಂಬುವ ಪರದೆ ಅವರಿಲ್ಲದೆಯೇ ಸಿದ್ಧವಾಗುತ್ತದೆ. ಒಬ್ಬ ವಿದ್ಯಾರ್ಥಿಗೆ 4 ಕ್ಲಿಕ್ ಎಂದರೆ 60 ಮಂದಿಯ ತರಗತಿಗೆ 240. ಬೋಧಕರು ಮತ್ತೆ ಕಾಗದದಲ್ಲೇ ಬರೆದು ಗುಮಾಸ್ತರ ಕೈಗೆ ಕೊಡುತ್ತಾರೆ. ಇದನ್ನು ತಪ್ಪಿಸಲು ಒಂದೇ ಕೋರ್ಸಿನಲ್ಲಿ ಒಂದು ಸೆಮಿಸ್ಟರ್ ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ನಡೆಸಿ, ಎರಡರ ಫಲಿತಾಂಶ ತಾಳೆಯಾದ ಮೇಲೆಯೇ ಹಳೆಯದನ್ನು ನಿಲ್ಲಿಸಬೇಕು.