ಮದುವೆ ಡಿವಿಡಿ ಚಿಕ್ಕದು ಮಾಡೋಕೆ ಮೂರು ಗಂಟೆ ಯಾಕೆ ಬೇಕು?

ಪ್ರಶ್ನೆ: ಮನೆಯಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಅಂತ ಹದಿನೈದು ಡಿವಿಡಿಗಳಿವೆ. ಲ್ಯಾಪ್‌ಟಾಪಿಗೆ ಹಾಕಿ ಹ್ಯಾಂಡ್‌ಬ್ರೇಕ್ ಅನ್ನೋ ತಂತ್ರಾಂಶದಲ್ಲಿ ಕಂಪ್ರೆಸ್ ಮಾಡಿದರೆ ಒಂದೊಂದಕ್ಕೂ ಎರಡು ಮೂರು ಗಂಟೆ ಹಿಡಿಯುತ್ತದೆ. ಬೇಗ ಮುಗಿಸುವ ದಾರಿ ಇದೆಯಾ?

ಖಂಡಿತ ಇದೆ. ಸದ್ಯ ನೀವು ಎರಡು ಬೇರೆ ಬೇರೆ ಕೆಲಸಗಳನ್ನು ಒಂದಕ್ಕೊಂದು ಕಟ್ಟಿಹಾಕಿದ್ದೀರಿ. ಡಿಸ್ಕ್ ಓದುವುದು ಡ್ರೈವಿನ ಕೆಲಸ. ವಿಡಿಯೊ ಕುಗ್ಗಿಸುವುದು ಪ್ರೊಸೆಸರಿನ ಕೆಲಸ. ಡಿಸ್ಕಿನಿಂದಲೇ ನೇರವಾಗಿ ಕಂಪ್ರೆಸ್ ಮಾಡಲು ಹೊರಟರೆ ಒಂದು ಇನ್ನೊಂದಕ್ಕಾಗಿ ಕಾಯುತ್ತದೆ. ಡ್ರೈವ್ ಗಂಟೆಗಟ್ಟಲೆ ಸುಮ್ನೆ ತಿರುಗುತ್ತಾ ಬಿಸಿಯಾಗುತ್ತದೆ.

ಅದಕ್ಕೆ ಮೊದಲು ಕಾಪಿ ಮಾತ್ರ ಮಾಡಿ. ಡಿಸ್ಕ್ ತೆರೆದರೆ ವಿಡಿಯೊ_ಟಿಎಸ್ ಅನ್ನೋ ಫೋಲ್ಡರ್ ಕಾಣುತ್ತದೆ. ಅದರೊಳಗೆ ಒಂದೊಂದು ಜಿಬಿ ಆಸುಪಾಸಿನ ವಿಒಬಿ ಫೈಲುಗಳಿರುತ್ತವೆ, ವಿಡಿಯೊ ಇರುವುದು ಅವುಗಳಲ್ಲೇ. ಇಡೀ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಎಳೆದು ಹಾಕಿ. ಡಿವಿಡಿ ಓದುವ ವೇಗದಲ್ಲಿ 1ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.4 ಎಂಬಿ. ಲ್ಯಾಪ್‌ಟಾಪಿನ 8ಎಕ್ಸ್ ಡ್ರೈವ್ ಜೋರಾಗಿ ಓದುವಾಗ 11 ಎಂಬಿ ಮುಟ್ಟುತ್ತದೆ. 4.7 ಜಿಬಿಯ ತುಂಬಿದ ಡಿಸ್ಕ್ ಹತ್ತು ಹದಿನೈದು ನಿಮಿಷದಲ್ಲಿ ಇಳಿಯಬೇಕು. ಒಂದು ಭಾನುವಾರ ಬೆಳಗ್ಗೆ ಅಡುಗೆಮನೆಗೆ ಹೋಗಿ ಬರುವಾಗೆಲ್ಲ ಡಿಸ್ಕ್ ಬದಲಿಸುತ್ತಿದ್ದರೆ ಹದಿನೈದೂ ಮುಗಿಯುತ್ತವೆ.

ಆಮೇಲೆ ಹ್ಯಾಂಡ್‌ಬ್ರೇಕ್‌ನಲ್ಲಿ ಆ ಫೋಲ್ಡರುಗಳನ್ನು ತೆರೆದು ಒಂದೊಂದಾಗಿ ಕ್ಯೂಗೆ ಸೇರಿಸಿ, ರಾತ್ರಿ ಬಿಟ್ಟು ಮಲಗಿ. ನಮ್ಮ ಕಡೆಯ ಡಿವಿಡಿಗಳು ಪಾಲ್ (PAL) ಎಂಬ ಟಿವಿ ಮಾದರಿಯವು, ಚಿತ್ರ 720 ಪಿಕ್ಸೆಲ್ ಅಡ್ಡ, 576 ಪಿಕ್ಸೆಲ್ ಉದ್ದ. ಆದ್ದರಿಂದ ‘ಫಾಸ್ಟ್ 576ಪಿ25’ ಅನ್ನೋ ಪ್ರೀಸೆಟ್ (ಸಿದ್ಧ ಸೆಟ್ಟಿಂಗ್) ಸಾಕು. 1080ಕ್ಕೆ ಹಿಗ್ಗಿಸಬೇಡಿ. ಸಮಯ ಜಾಸ್ತಿ ಹೋಗುತ್ತದೆ, ಇಲ್ಲದ ವಿವರ ಅದರಿಂದ ಹುಟ್ಟುವುದಿಲ್ಲ. ವಿಡಿಯೊವನ್ನು ಎರಡೆರಡು ಸಲ ಓದುವ ಎರಡು ಪಾಸ್ ಎನ್‌ಕೋಡಿಂಗ್ ಬಿಟ್ಟು, ಗುಣಮಟ್ಟ ಒಂದೇ ಸಮ ಇಡುವ ಕಾನ್‌ಸ್ಟಂಟ್ ಕ್ವಾಲಿಟಿ ಆರಿಸಿ, ಅದರ ಅಳತೆ ಆರ್‌ಎಫ್ 20 ಇಡಿ. ಎನ್‌ಎಲ್‌ಮೀನ್ಸ್ ಅನ್ನೋ ಡಿನಾಯ್ಸ್ (ಚಿತ್ರದ ಕಾಳುಕಾಳು ತೆಗೆಯುವ) ಫಿಲ್ಟರ್ ಆನ್ ಆಗಿದ್ದರೆ ಆಫ್ ಮಾಡಿ. ಎಷ್ಟೋ ಸಲ ವೇಗವನ್ನೆಲ್ಲ ನುಂಗುವುದು ಅದೊಂದೇ. ಇನ್ನೂ ಅವಸರ ಇದ್ದರೆ ಗ್ರಾಫಿಕ್ಸ್ ಚಿಪ್ಪಿನಲ್ಲೇ ಕುಗ್ಗಿಸುವ ಇಂಟೆಲ್‌ನ ಕ್ವಿಕ್ ಸಿಂಕ್ ಅಥವಾ ಎನ್ವಿಡಿಯಾದ ಎನ್‌ವೆಂಕ್ ಆರಿಸಿಕೊಳ್ಳಬಹುದು. ವೇಗ ಸಿಗುತ್ತದೆ, ಆದರೆ ಅದೇ ಗುಣಮಟ್ಟಕ್ಕೆ ಫೈಲ್ ಸ್ವಲ್ಪ ದೊಡ್ಡದಾಗುತ್ತದೆ. ನಾನಾದರೆ ಪ್ರೊಸೆಸರಿಗೇ ಬಿಡುತ್ತೇನೆ. ರಾತ್ರಿ ಹೇಗೂ ನಾವು ಕಾಯುವುದಿಲ್ಲ ಅಲ್ವಾ?

ಒಂದು ಫಿಲ್ಟರ್ ಮಾತ್ರ ವೇಗದ ಆಸೆಗೆ ತೆಗೆಯಬೇಡಿ, ಡೀಕೋಂಬ್. ಆ ಕಾಲದ ಮದುವೆ ವಿಡಿಯೊ ಬಹುತೇಕ ಇಂಟರ್‌ಲೇಸ್ಡ್, ಅಂದರೆ ಒಂದೊಂದು ಚಿತ್ರವೂ ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಕಂತಿನಲ್ಲಿ ಹಿಡಿದದ್ದು. ಅಕ್ಷತೆ ಹಾಕಲು ಎತ್ತಿದ ಕೈಗಳನ್ನು ಗಮನಿಸಿ. ಬೆರಳಿನ ಅಂಚು ಬಾಚಣಿಗೆಯ ಹಲ್ಲಿನಂತೆ ಗೆರೆಗೆರೆಯಾಗಿ ಕಾಣುತ್ತದೆ. ಇಂಟರ್‌ಲೇಸ್ ಪತ್ತೆಯನ್ನೂ ಆನ್ ಇಟ್ಟರೆ ಅಂಥ ಫ್ರೇಮುಗಳನ್ನಷ್ಟೇ ಅದು ಸರಿಮಾಡುತ್ತದೆ, ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ.

ಕಾಪಿ ಮಾಡುವಾಗಲೇ ಡ್ರೈವ್ ತೆವಳಿದರೆ ಕಾರಣ ಡಿಸ್ಕಿನ ಮೈಮೇಲಿರುತ್ತದೆ. ಕಲೆ ಬಿದ್ದ ಜಾಗವನ್ನು ಡ್ರೈವ್ ಮತ್ತೆ ಮತ್ತೆ ಓದಲು ನೋಡುತ್ತದೆ, ಅಲ್ಲೇ ನಿಮಿಷಗಳು ಹೋಗುತ್ತವೆ. ನನ್ನ ಅಕ್ಕನ ಮದುವೆಯ ಡಿಸ್ಕ್ ಹೀಗೆ ಕೊನೆಯ ಫೈಲಿನಲ್ಲಿ ನಿಂತುಬಿಟ್ಟಿತ್ತು. ತಿರುಗಿಸಿ ಕಿಟಕಿ ಬೆಳಕಿಗೆ ಹಿಡಿದೆ. ಹೊರ ಅಂಚಿನಲ್ಲಿ ಯಾರದೋ ಹೆಬ್ಬೆರಳಿನ ಎಣ್ಣೆ ಗುರುತು, ಅದರ ಪಕ್ಕ ಒಂದು ಗೀರು. ಡಿಸ್ಕ್ ಒಳಗಿನಿಂದ ಹೊರಕ್ಕೆ ಬರೆಯಲ್ಪಡುತ್ತದೆ. ಹಾಗಾಗಿ ಹೊರ ಅಂಚಿನಲ್ಲಿದ್ದದ್ದು ಕೊನೆಯ ಭಾಗ, ಹೆಣ್ಣು ಒಪ್ಪಿಸಿಕೊಡುವ ಶಾಸ್ತ್ರ. ಅಜ್ಜಿ ಅಕ್ಕನ ಗಲ್ಲ ಹಿಡಿದು ಮಾತಾಡುವುದು ಅದರಲ್ಲಿ ಮಾತ್ರ ಇದೆ.

ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಾ ತಿರುಗಿಸಿ ಅಲ್ಲ. ಅದಾದ ಮೇಲೂ ಓದದಿದ್ದರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಕೈಬಿಟ್ಟದ್ದನ್ನು ಇನ್ನೊಂದು ಓದುವುದುಂಟು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಚೆನ್ನಾಗಿರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಮರಳುತ್ತದೆ. ಅಕ್ಕನ ಡಿಸ್ಕಿಗೆ ಒರೆಸಿದ್ದೂ ಬೇರೆ ಡ್ರೈವೂ ಸಾಕಾಯಿತು. ಅಜ್ಜಿ ಸಿಕ್ಕಿದಳು.

ಇದೆಲ್ಲ ನಿಮ್ಮ ಮನೆಯ ಡಿಸ್ಕುಗಳಿಗೆ ಹೇಳಿದ್ದು. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಿಗೆ ಸಾಮಾನ್ಯವಾಗಿ ಲಾಕ್ ಇರುತ್ತದೆ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು ಅಂಥ ಲಾಕ್ ಮುರಿಯುವುದರ ಬಗ್ಗೆಯೇ ಇದೆ.

ಇನ್ನೊಂದು ಮಾತು. ನಿಮಗೆ ಕಂಪ್ರೆಸ್ ಮಾಡಲೇಬೇಕಾ? ಹದಿನೈದು ಡಿಸ್ಕ್ ಅಂದರೆ ಹೆಚ್ಚೆಂದರೆ 70 ಜಿಬಿ ಆಸುಪಾಸು. ಒಂದು ಟಿಬಿ ಹಾರ್ಡ್ ಡಿಸ್ಕಿನ ಮೂಲೆಯಲ್ಲಿ ಕೂರುತ್ತದೆ. ಮೇಕ್‌ಎಂಕೆವಿ ಎಂಬ ತಂತ್ರಾಂಶ ಬಳಸಿದರೆ ಚಿತ್ರವನ್ನು ಮುಟ್ಟದೆ ತುಂಡು ಫೈಲುಗಳನ್ನೆಲ್ಲ ಸೇರಿಸಿ ಒಂದೇ ಫೈಲ್ ಮಾಡಿಕೊಡುತ್ತದೆ, ಕೆಲವೇ ನಿಮಿಷದಲ್ಲಿ. ಫೋನಿಗೆ ಬೇಕಾದ ಒಂದೆರಡನ್ನು ಮಾತ್ರ ಕುಗ್ಗಿಸಿ. ಅಕ್ಕನಿಗೆ ನಾನು ಕಳಿಸಿದ್ದು ಆ ಕೊನೆಯ ಏಳು ನಿಮಿಷಗಳನ್ನಷ್ಟೇ.