ಪದ ಪರಿಚಯ: ಸಮಾನ ಶ್ರೇಣಿ, ಸಮಾನ ಪಿಂಚಣಿ

ಇಬ್ಬರು ಹವಾಲ್ದಾರರು ಒಂದೇ ರೆಜಿಮೆಂಟಿನಲ್ಲಿ ಅಷ್ಟಷ್ಟೇ ವರ್ಷ ದುಡಿದಿದ್ದಾರೆ ಎಂದುಕೊಳ್ಳಿ. ಒಬ್ಬರು 1995ರಲ್ಲಿ ನಿವೃತ್ತರಾದರು, ಇನ್ನೊಬ್ಬರು 2013ರಲ್ಲಿ. ತೋಳಿನ ಮೇಲಿನ ಪಟ್ಟಿಗಳು ಒಂದೇ, ಸೇವೆಯೂ ಒಂದೇ. ಆದರೆ ಹಿರಿಯರ ಕೈಗೆ ಬರುತ್ತಿದ್ದ ಪಿಂಚಣಿ ಕಿರಿಯರದಕ್ಕಿಂತ ಕಡಿಮೆ. ನಿವೃತ್ತಿಯ ಹೊತ್ತಿನ ಸಂಬಳವೇ ಪಿಂಚಣಿಗೆ ಆಧಾರ. ನಡುವೆ ಬಂದ ವೇತನ ಆಯೋಗಗಳು ಸಂಬಳವನ್ನು ಏರಿಸಿದ್ದವು. ಹಳಬರ ಪಿಂಚಣಿಯನ್ನೂ ಆಗಾಗ ಪರಿಷ್ಕರಿಸಿದರೂ ಅಂತರ ಮುಚ್ಚಲಿಲ್ಲ. ಆ ಅಂತರ ಇರಬಾರದೆಂಬ ಬೇಡಿಕೆಯೇ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’. ಪತ್ರಿಕೆಗಳಲ್ಲಿ ಕಾಣುವ ‘ಒಆರ್‌ಒಪಿ’ (ಒನ್ ರ್‍ಯಾಂಕ್ ಒನ್ ಪೆನ್ಷನ್) ಇದೇ.

ಇಲ್ಲಿ ಶ್ರೇಣಿ ಎಂದರೆ ರ್‍ಯಾಂಕ್: ಸಿಪಾಯಿ, ನಾಯಕ್, ಹವಾಲ್ದಾರ್, ಸುಬೇದಾರ್, ಮೇಲೆ ಅಧಿಕಾರಿಗಳು. ನಾಗರಿಕ ನೌಕರರು ಅರವತ್ತಕ್ಕೆ ನಿವೃತ್ತರಾದರೆ ಸಿಪಾಯಿಗಳಲ್ಲಿ ಬಹುತೇಕರು ನಲವತ್ತರ ಆಸುಪಾಸಿನಲ್ಲೇ ಮನೆಗೆ ಮರಳುತ್ತಾರೆ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ಮುಂದೆ ಮೂವತ್ತು ನಲವತ್ತು ವರ್ಷಗಳ ಬದುಕಿರುತ್ತದೆ. ಅಷ್ಟರಲ್ಲಿ ಮೂರು ನಾಲ್ಕು ವೇತನ ಆಯೋಗಗಳು ಬಂದು ಹೋಗುತ್ತವೆ, ಪ್ರತಿ ಸಲವೂ ಅವರು ಒಂದು ಮೆಟ್ಟಿಲು ಹಿಂದೆ ಉಳಿಯುತ್ತಾರೆ. ಕೊಡಗಿನಲ್ಲೋ ಬೆಳಗಾವಿಯಲ್ಲೋ ಮಾಜಿ ಸೈನಿಕರ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ದೊಡ್ಡ ವಿಷಯ ಯಾವ ಕಾಯ್ದೆಯಲ್ಲಿದೆ ಎಂದು ಹುಡುಕಿದರೆ, ಯಾವುದರಲ್ಲೂ ಇಲ್ಲ. 1950ರ ಸೇನಾ ಕಾಯ್ದೆಯ 25ನೇ ಸೆಕ್ಷನ್, ನಿಯಮಗಳ ಪ್ರಕಾರ ಯೋಧರಿಗೆ ಸಲ್ಲಬೇಕಾದ ಸಂಬಳದಲ್ಲಿ ಕಾನೂನಿನ ಒಪ್ಪಿಗೆ ಇಲ್ಲದೆ ಒಂದು ರೂಪಾಯಿಯನ್ನೂ ಕಡಿಯಬಾರದು ಎನ್ನುತ್ತದೆ. ಆ ಸಂಬಳ ಎಷ್ಟೆಂದು ಮಾತ್ರ ಕಾಯ್ದೆ ಹೇಳುವುದಿಲ್ಲ. ವೇತನ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಚಿವ ಸಂಪುಟ ಒಪ್ಪುತ್ತದೆ, ರಕ್ಷಣಾ ಸಚಿವಾಲಯ ಆದೇಶ ಹೊರಡಿಸುತ್ತದೆ. ಸಂಸತ್ತು ಬಜೆಟ್ಟಿನಲ್ಲಿ ಒಟ್ಟು ಅನುದಾನಕ್ಕೆ ಒಪ್ಪಿಗೆ ಕೊಡುತ್ತದೆಯೇ ಹೊರತು ಹವಾಲ್ದಾರರ ಪಿಂಚಣಿ ಇಷ್ಟೆಂದು ಬರೆಯುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಸೈನಿಕರ ವೇತನ ಏರಿಕೆಯ ಸೂತ್ರವೇ ಅಲ್ಲಿನ ಕಾನೂನಿನಲ್ಲಿದೆ. ಪ್ರತಿ ವರ್ಷದ ರಕ್ಷಣಾ ಕಾಯ್ದೆ ಅದನ್ನು ಬದಲಿಸಲೂಬಹುದು. 2025ರ ಸಾಲಿನಲ್ಲಿ ಎಲ್ಲರಿಗೂ ಶೇ 4.5ರಷ್ಟು, ಕೆಳ ಶ್ರೇಣಿಯವರಿಗೆ ಅದರ ಮೇಲೆ ಇನ್ನೂ ಶೇ 10ರಷ್ಟು ಏರಿಕೆ ಸಿಕ್ಕಿತು.

ನಮ್ಮಲ್ಲಿ ಕಾಯ್ದೆ ಇಲ್ಲದ್ದರಿಂದ ಪದದ ಅರ್ಥವೇ ಜಗಳದ ವಿಷಯವಾಯಿತು. ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ 2011ರಲ್ಲಿ ಕೊಟ್ಟ ವ್ಯಾಖ್ಯಾನ ಸ್ಪಷ್ಟವಾಗಿತ್ತು: ನಿವೃತ್ತಿಯ ದಿನಾಂಕ ಯಾವುದೇ ಇರಲಿ, ಒಂದೇ ಶ್ರೇಣಿ ಮತ್ತು ಒಂದೇ ಅವಧಿಯ ಸೇವೆಗೆ ಒಂದೇ ಪಿಂಚಣಿ, ಮುಂದಿನ ಏರಿಕೆಯೂ ಹಳಬರಿಗೆ ತಾನಾಗಿಯೇ ಸಿಗಬೇಕು. 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಆ ವರ್ಷದ ನವೆಂಬರ್ 7ರ ಆದೇಶ 2014ರ ಜುಲೈ 1ರಿಂದ ಅನ್ವಯವಾಗುವಂತೆ ಯೋಜನೆಯನ್ನು ಜಾರಿಗೆ ತಂದಿತು. ಆದರೆ ಅದರ ಲೆಕ್ಕ ಬೇರೆ. 2013ರಲ್ಲಿ ನಿವೃತ್ತರಾದವರ ಕನಿಷ್ಠ ಮತ್ತು ಗರಿಷ್ಠ ಪಿಂಚಣಿಯ ಸರಾಸರಿಯೇ ಅಳತೆಗೋಲು. ಸರಾಸರಿಗಿಂತ ಹೆಚ್ಚು ಪಡೆಯುತ್ತಿದ್ದವರಿಗೆ ಅದು ಹಾಗೆಯೇ ಉಳಿಯುತ್ತದೆ. ಮರುಪರಿಷ್ಕರಣೆ ಐದು ವರ್ಷಕ್ಕೊಮ್ಮೆ.

‘ತಾನಾಗಿಯೇ’ ಎಂಬ ಮಾತು ‘ಐದು ವರ್ಷಕ್ಕೊಮ್ಮೆ’ ಆದದ್ದು ನನ್ನ ಮಟ್ಟಿಗೆ ಸಣ್ಣ ಬದಲಾವಣೆಯಲ್ಲ. ಎಂಬತ್ತು ದಾಟಿದ ಸುಬೇದಾರರಿಗೆ ಐದು ವರ್ಷ ಬಹಳ ದೀರ್ಘ ಕಾಲ. ಮಾಜಿ ಸೈನಿಕರ ಸಂಘಟನೆ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು. 2022ರ ಮಾರ್ಚ್ 16ರ ತೀರ್ಪು ಸರ್ಕಾರದ ಪರವಾಗಿ ಬಂತು: ಇದು ನೀತಿಯ ಆಯ್ಕೆ, ಒಂದೇ ಶ್ರೇಣಿಯವರಿಗೆ ಒಂದೇ ಮೊತ್ತ ಕೊಡಲೇಬೇಕೆಂಬ ಕಾನೂನಿನ ಕಟ್ಟಳೆ ಇಲ್ಲ ಎಂದಿತು ಪೀಠ. 2019ರ ಜುಲೈ 1ರಿಂದ ಆಗಬೇಕಿದ್ದ ಪರಿಷ್ಕರಣೆ ಮಾಡಿ ಬಾಕಿ ಕೊಡಿ ಎಂದೂ ಸೂಚಿಸಿತು. ಸಂಪುಟ ಅದಕ್ಕೆ ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಮೂರನೇ ಸುತ್ತು 2024ರ ಜುಲೈ 1ರಿಂದ ಲೆಕ್ಕಕ್ಕೆ ಬಂದಿದೆ.

2022ರಿಂದ ಅಗ್ನಿಪಥ ಎಂಬ ಸೇನಾ ನೇಮಕಾತಿ ಯೋಜನೆಯಡಿ ಸೇರುತ್ತಿರುವ ಅಗ್ನಿವೀರರಿಗೆ ಈ ಪದ ನೇರವಾಗಿ ಅನ್ವಯಿಸುವುದಿಲ್ಲ. ನಾಲ್ಕು ವರ್ಷದ ಸೇವೆಗೆ ಪಿಂಚಣಿಯೇ ಇಲ್ಲ, ಸೇವೆ ಮುಗಿದಾಗ ಒಂದೇ ಗಂಟಾಗಿ ಸಿಗುವ ಸುಮಾರು ₹11.71 ಲಕ್ಷದ ಸೇವಾನಿಧಿ ಇದೆ. ಗರಿಷ್ಠ ಶೇ 25ರಷ್ಟು ಮಂದಿಯನ್ನು ಕಾಯಂ ಸೇವೆಗೆ ತೆಗೆದುಕೊಳ್ಳುವ ಯೋಜನೆ ಅದು. ಅದೂ ಬಂದದ್ದು ಸಂಸತ್ತು ಅಂಗೀಕರಿಸಿದ ಮಸೂದೆಯಿಂದಲ್ಲ, ಸಂಪುಟದ ತೀರ್ಮಾನದಿಂದ.