ದುಬಾರಿ ವಾಚು, ಸೂಟು, ಬ್ಯಾಗು: ಬಿಸಿನೆಸ್ ಖರ್ಚು ಅಂತ ತೋರಿಸಬಹುದಾ?

ಓದುಗರ ಪ್ರಶ್ನೆ: "ನಾನು ಸ್ವಂತವಾಗಿ ಕನ್ಸಲ್ಟಿಂಗ್ ಕೆಲಸ ಮಾಡುತ್ತೇನೆ. ದೊಡ್ಡ ದೊಡ್ಡ ಗ್ರಾಹಕರ ಎದುರು ಕೂರಬೇಕಾಗುತ್ತದೆ. ಕೈಯಲ್ಲಿ ಒಳ್ಳೆಯ ವಾಚು, ಮೈಮೇಲೆ ಒಳ್ಳೆಯ ಸೂಟು, ಬ್ರ್ಯಾಂಡೆಡ್ ಬ್ಯಾಗು ಇಲ್ಲದಿದ್ದರೆ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇವನ್ನೆಲ್ಲ ಬಿಸಿನೆಸ್ ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದಾ? ಕಂಪನಿ ಹೆಸರಿಗೆ ಬಿಲ್ ಮಾಡಿಸಿದರೆ ಸಾಕು ಅಂತ ಗೆಳೆಯನೊಬ್ಬ ಹೇಳುತ್ತಾನೆ."

ಉತ್ತರ ಮೊದಲೇ ಹೇಳಿಬಿಡುತ್ತೇನೆ. ವಾಚು ಆಗುವುದಿಲ್ಲ. ಸೂಟೂ ಆಗುವುದಿಲ್ಲ. ಬ್ಯಾಗಿನ ವಿಷಯ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರೋಣ. ಗೆಳೆಯನ ಸಲಹೆಯನ್ನು ಮಾತ್ರ ಈಗಲೇ ಮರೆತುಬಿಡಿ.

ತೆರಿಗೆಯವರಿಗೆ ದುಬಾರಿ ವಸ್ತು ಕಂಡರೆ ಆಗುವುದಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೆಲೆ ನೋಡಿ ಅವರ ಹುಬ್ಬು ಏರುವುದು ನಿಜ. ಆದರೆ ಕಾನೂನು ಬೆಲೆ ಕೇಳುವುದಿಲ್ಲ. ಈ ಕೆಲಸವೇ ಇಲ್ಲದಿದ್ದರೂ ಈ ವಸ್ತು ನಿಮಗೆ ಬಳಕೆಗೆ ಬರುತ್ತಿತ್ತಾ? ಅದು ಕೇಳುವುದು ಇಷ್ಟನ್ನೇ. ಬಳಕೆಗೆ ಬರುತ್ತಿತ್ತು ಅಂದರೆ ಅದು ನಿಮ್ಮ ಸ್ವಂತ ಖರ್ಚು. ಭಾರತದ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 37(1) ಇದನ್ನೇ ಹೇಳಿತ್ತು. ಖರ್ಚು ಪೂರ್ತಿಯಾಗಿ ವ್ಯಾಪಾರಕ್ಕೆ ಅಥವಾ ವೃತ್ತಿಗೆ ಮಾತ್ರ ಆಗಿರಬೇಕು, ಸ್ವಂತಕ್ಕೆ ಆಗಿರಬಾರದು. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದರೂ ಈ ಮಾತು ಬದಲಾಗಿಲ್ಲ. ಬ್ರಿಟನ್ನಿನ ಕಾನೂನಿನಲ್ಲೂ ಇದೇ ಧಾಟಿ. ಅಮೆರಿಕದಲ್ಲಿ ಖರ್ಚು ಆ ವ್ಯಾಪಾರಕ್ಕೆ ಸಾಮಾನ್ಯವೂ ಅಗತ್ಯವೂ ಆಗಿರಬೇಕು ಅನ್ನುತ್ತಾರೆ. ಸ್ವಂತ ಬದುಕಿನ, ಮನೆಯ ಖರ್ಚಿಗೆ ಅಲ್ಲೂ ಜಾಗವಿಲ್ಲ.

"ಆದರೆ ನಾನು ಅದನ್ನು ಕೆಲಸಕ್ಕೆ ಮಾತ್ರ ಹಾಕಿಕೊಳ್ಳುತ್ತೇನಲ್ಲ" ಅಂತ ನೀವು ಕೇಳಬಹುದು. ಇದೇ ವಾದ ಇಟ್ಟುಕೊಂಡು ಕೋರ್ಟಿಗೆ ಹೋದವರ ಕಥೆ ಕೇಳಿ.

ಅಮೆರಿಕದ ಡಲ್ಲಾಸ್ ನಗರದಲ್ಲಿ ಇವ್ ಸಾಂ ಲೊರಾಂ ಎಂಬ ದುಬಾರಿ ಫ್ರೆಂಚ್ ಬ್ರ್ಯಾಂಡಿನ ಬಟ್ಟೆ ಮಾರುವ ಒಂದು ಅಂಗಡಿ ಇತ್ತು. ಅದರ ಮ್ಯಾನೇಜರ್ ಒಬ್ಬ ಮಹಿಳೆ. ಅಂಗಡಿಯಲ್ಲಿ ಮಾರುವ ಬಟ್ಟೆಯನ್ನೇ ತೊಟ್ಟು ಕೆಲಸ ಮಾಡಬೇಕು ಅನ್ನುವುದು ಮಾಲೀಕರ ನಿರೀಕ್ಷೆ. 1975ರಲ್ಲಿ ಅವರು ಅದಕ್ಕಾಗಿ 1,381 ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡಿದರು. ಮನೆಯಲ್ಲಿ ಅವರದು ಸರಳ ಜೀವನ. ಆ ಬಟ್ಟೆ ತೊಟ್ಟು ಹೋಗುವಂಥ ಜಾಗವೇ ಅವರಿಗಿರಲಿಲ್ಲ, ಕೆಲಸದ ಹೊರಗೆ ತೊಡುತ್ತಲೂ ಇರಲಿಲ್ಲ. ತೆರಿಗೆ ಕೋರ್ಟು ಅವರ ಮಾತು ಒಪ್ಪಿಕೊಂಡಿತು. ಆದರೆ 1980ರಲ್ಲಿ ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಈಕೆ ತೊಡುತ್ತಾರೋ ಇಲ್ಲವೋ ಅನ್ನುವುದು ಮುಖ್ಯವಲ್ಲ, ಇದು ಯಾರಾದರೂ ಬೀದಿಯಲ್ಲಿ ತೊಟ್ಟು ಓಡಾಡಬಹುದಾದ ಬಟ್ಟೆಯೋ ಅಲ್ಲವೋ ಅನ್ನುವುದು ಮುಖ್ಯ ಎಂದಿತು. ತೊಡಬಹುದಾದರೆ ಮುಗಿಯಿತು, ಆ ಖರ್ಚನ್ನು ಆದಾಯದಿಂದ ಕಳೆಯುವ ಹಾಗಿಲ್ಲ.

ಓದಿದಾಗ ಪಾಪ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಇನ್ನೊಂದು ಕಡೆಯಿಂದ ಯೋಚಿಸಿ. ಯಾರ ಜೀವನಶೈಲಿ ಹೇಗೆ ಅಂತ ನೋಡಿ ತೆರಿಗೆ ಹಾಕಲು ಹೊರಟರೆ, ಒಂದೇ ಅಂಗಡಿಯಲ್ಲಿ ಅದೇ ಬಟ್ಟೆ ತೊಡುವ ಇಬ್ಬರಲ್ಲಿ ಪಾರ್ಟಿಗೆ ಹೋಗುವವಳಿಗೆ ಒಂದು ಲೆಕ್ಕ, ಮನೆಯಲ್ಲಿರುವವಳಿಗೆ ಇನ್ನೊಂದು. ಪ್ರತಿಯೊಬ್ಬರ ಬೀರು ತೆಗೆದು ನೋಡುತ್ತಾ ಕೂರುವವರು ಯಾರು?

ಬ್ರಿಟನ್ನಿನ ಕೇಸು ಇನ್ನೂ ಸ್ವಾರಸ್ಯದ್ದು. ಅದರಲ್ಲಿ ದುಬಾರಿ ವಸ್ತು ಏನೂ ಇಲ್ಲ. ಆನ್ ಮ್ಯಾಲಲ್ಯೂ ಎಂಬ ವಕೀಲೆ ಕೋರ್ಟಿನ ನಿಯಮದಂತೆ ಕಪ್ಪು ಬಟ್ಟೆ ತೊಡಬೇಕಿತ್ತು. ಅವರಿಗೆ ಕಪ್ಪು ಇಷ್ಟವೇ ಇರಲಿಲ್ಲ. ಕೆಲಸಕ್ಕೆ ಬೇಕಿರದಿದ್ದರೆ ಕೊಳ್ಳುತ್ತಲೇ ಇರಲಿಲ್ಲ. ಕೆಳಗಿನ ಎರಡು ಕೋರ್ಟುಗಳಲ್ಲಿ ಗೆದ್ದರು. 1983ರಲ್ಲಿ, ಆಗ ಅಲ್ಲಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತರು. ಅವರ ಮನಸ್ಸಿನಲ್ಲಿ ಕೋರ್ಟು ಮಾತ್ರ ಇದ್ದಿರಬಹುದು. ಆದರೆ ಬಟ್ಟೆ ಮೈ ಮುಚ್ಚುತ್ತದೆ, ಬೆಚ್ಚಗಿಡುತ್ತದೆ. ಮನುಷ್ಯರಾಗಿ ಅವರಿಗೆ ಅದೂ ಬೇಕಿತ್ತು, ಹಾಗಾಗಿ ಖರ್ಚು ಕೆಲಸಕ್ಕೆ ಮಾತ್ರ ಆಗಲಿಲ್ಲ ಎಂದು ತೀರ್ಪು ಬಂತು. ಐವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಮಾತ್ರ ಅವರ ಪರ ನಿಂತರು. ಇಷ್ಟವಿಲ್ಲದ ಕಪ್ಪು ಉಡುಪಿಗೇ ಹೀಗಾದರೆ, ಇಷ್ಟಪಟ್ಟು ಕೊಂಡ ವಾಚಿನ ಗತಿ ಏನಾಗಬಹುದು ಹೇಳಿ. ಕ್ಯಾಮೆರಾ ಮುಂದೆ ಚೆನ್ನಾಗಿ ಕಾಣಲೇಬೇಕಾದ ಟಿವಿ ವಾರ್ತಾವಾಚಕಿಯೊಬ್ಬರ ಬಟ್ಟೆ ಖರ್ಚನ್ನೂ ಅಮೆರಿಕದ ತೆರಿಗೆ ಕೋರ್ಟು 2011ರಲ್ಲಿ ಒಪ್ಪಲಿಲ್ಲ.

ಇದರ ತದ್ವಿರುದ್ಧ ಉದಾಹರಣೆ ಸ್ವೀಡನ್ನಿನ ಅಬ್ಬಾ ಎಂಬ ಪಾಪ್ ಸಂಗೀತ ತಂಡ. ಅವರ ಮಿರಿಮಿರಿ ಮಿಂಚುವ, ನೋಡಿದರೆ ನಗು ಬರುವ ಉಡುಪುಗಳು ನೆನಪಿವೆಯಾ? ಅದಕ್ಕೆ ಸ್ವೀಡನ್ನಿನ ತೆರಿಗೆ ಕಾನೂನೂ ಒಂದು ಕಾರಣ ಅಂತ ತಂಡದ ಬ್ಯೋರ್ನ್ ಉಲ್ವಾಯೂಸ್ ಅವರೇ ಹೇಳಿಕೊಂಡಿದ್ದಾರೆ. ಬೀದಿಯಲ್ಲಿ ತೊಡಲಾಗದಷ್ಟು ವಿಚಿತ್ರವಾಗಿದ್ದರೆ ಮಾತ್ರ ಖರ್ಚು ಕಳೆಯಬಹುದಿತ್ತು. ಚೆನ್ನಾಗಿ ಕಾಣುವ ಬಟ್ಟೆಗೆ ತೆರಿಗೆ, ವಿಚಿತ್ರ ಬಟ್ಟೆಗೆ ವಿನಾಯಿತಿ!

ಹಾಗಾದರೆ ದುಬಾರಿ ವಸ್ತು ಎಂದೂ ಪಾಸಾಗುವುದಿಲ್ಲವೇ? ಆಗುತ್ತದೆ. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದ ದಂಪತಿ 1985ರಲ್ಲಿ ಎರಡು ಕಮಾನು ಕೊಂಡರು. ಪಿಟೀಲಲ್ಲ, ಬರೀ ಕಮಾನು. ಫ್ರಾನ್ಸಿನ ತೂರ್ತ್ ಎಂಬ ಹೆಸರಾಂತ ಕುಶಲಕರ್ಮಿ 19ನೇ ಶತಮಾನದಲ್ಲಿ ಮಾಡಿದವು. ಒಂದಕ್ಕೆ 30,000 ಡಾಲರ್, ಇನ್ನೊಂದಕ್ಕೆ 21,500. ವರ್ಷ ಕಳೆದಂತೆ ಬೆಲೆ ಏರುವ ಹಳೆಯ ವಸ್ತುವಿಗೆ ಸವಕಳಿ (ಬಳಸಿ ಸವೆದಷ್ಟನ್ನು ವರ್ಷವರ್ಷ ಖರ್ಚಾಗಿ ಕಳೆಯುವುದು) ಹೇಗೆ ಕೊಡುವುದು ಅನ್ನುವುದು ತೆರಿಗೆಯವರ ತಕರಾರು. ಆದರೆ ದಿನಾ ನುಡಿಸಿದರೆ ಕಮಾನು ಸವೆಯುತ್ತದೆ. 1995ರಲ್ಲಿ ಮೇಲ್ಮನವಿ ಕೋರ್ಟು ದಂಪತಿಯ ಪರ ನಿಂತಿತು. ನಿಮ್ಮ ವಾಚಿಗಿಂತ ದುಬಾರಿಯಾದ ಒಂದು ಕೋಲು ಪಾಸಾಯಿತು, ಯಾಕೆಂದರೆ ಅದು ಅವರ ಅನ್ನದ ಸಾಧನ.

ಆದರೆ "ಇದು ನನ್ನ ಸಾಧನ" ಅನ್ನುವ ಮಾತನ್ನು ಎಲ್ಲೆಂದರಲ್ಲಿ ಎಳೆದಾಡಲು ಆಗುವುದಿಲ್ಲ. ಹಿರಿಯ ವಕೀಲ ಶಾಂತಿ ಭೂಷಣ್ ತಮ್ಮ ಹೃದಯದ ಶಸ್ತ್ರಚಿಕಿತ್ಸೆಯ ಖರ್ಚನ್ನು ವೃತ್ತಿಯ ಖರ್ಚೆಂದು ತೋರಿಸಿದ್ದರು. ಹೃದಯ ಸರಿಯಿದ್ದರೆ ತಾನೇ ವಕಾಲತ್ತು? 2011ರಲ್ಲಿ ದೆಹಲಿ ಹೈಕೋರ್ಟು ಒಪ್ಪಲಿಲ್ಲ. ಹೃದಯ ವಕೀಲರಿಗೆ ಮಾತ್ರ ಬೇಕಾದ ವಸ್ತುವಲ್ಲವಲ್ಲ.

ಈಗ ಬ್ಯಾಗು. ಲ್ಯಾಪ್‌ಟಾಪ್, ಕಡತ, ಚಾರ್ಜರ್ ಹೊರುವ ಬ್ಯಾಗನ್ನು ಕೆಲಸದ ವಸ್ತು ಅಂತ ಒಪ್ಪುವ ದೇಶಗಳಿವೆ. ಆಸ್ಟ್ರೇಲಿಯಾದ ತೆರಿಗೆ ಇಲಾಖೆ ಕೈಚೀಲವನ್ನೂ ಒಪ್ಪುತ್ತದೆ, ಆದರೆ ಕೆಲಸಕ್ಕೆ ಬಳಸಿದಷ್ಟು ಪಾಲಿಗೆ ಮಾತ್ರ. ಅಲ್ಲಿ ಇನ್ನೂ ಸೂಕ್ಷ್ಮವಾದ ಗೆರೆಗಳಿವೆ. 1996ರಲ್ಲಿ ವಿಮಾನದ ಗಗನಸಖಿಯೊಬ್ಬರಿಗೆ ಮಾಯಿಶ್ಚರೈಸರ್ ಖರ್ಚು ಸಿಕ್ಕಿತು. ವಿಮಾನದೊಳಗಿನ ಒಣ ಗಾಳಿ ಚರ್ಮ ಹಾಳು ಮಾಡುತ್ತದೆ, ಅದು ಕೆಲಸದಿಂದಲೇ ಬಂದ ತೊಂದರೆ. ತಲೆಗೂದಲು ಕತ್ತರಿಸಿ ಅಲಂಕರಿಸಿಕೊಂಡ ಖರ್ಚು ಸಿಗಲಿಲ್ಲ. ನಿಮ್ಮ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಹಿಡಿಸದಿದ್ದರೆ, ಅದರ ಮೇಲಿನ ಹೆಸರು ಕಾಣಿಸಲೆಂದೇ ಹಿಡಿದುಕೊಂಡಿದ್ದರೆ, ಸುಮ್ನೆ ಆಸೆ ಬಿಟ್ಟುಬಿಡಿ.

ನೀವು ಕಾರಿನ ಬಗ್ಗೆ ಕೇಳಲಿಲ್ಲ, ಆದರೂ ಹೇಳುತ್ತೇನೆ. ಯಾಕೆಂದರೆ ದೊಡ್ಡ ದುಡ್ಡು ಇರುವುದು ಅಲ್ಲಿ. ವಾಚಿಗಿಂತ ಕಾರಿನ ದಾರಿ ಸುಲಭ, ಅದನ್ನು ಹಂಚಿ ಲೆಕ್ಕ ಹಾಕಬಹುದು. ಭಾರತದ ಕಾನೂನಿನಲ್ಲಿ ಅರ್ಧ ಕೆಲಸಕ್ಕೆ ಅರ್ಧ ಮನೆಗೆ ಓಡಿದ ಕಾರಿಗೆ ಕೆಲಸದ ಪಾಲಿನಷ್ಟು ಮಾತ್ರ ಖರ್ಚು, ಸವಕಳಿ ಸಿಗುತ್ತದೆ. ಜಿಎಸ್‌ಟಿ ಮಾತ್ರ ಬೇರೆ ಕಥೆ. ಚಾಲಕ ಸೇರಿ 13 ಜನಕ್ಕಿಂತ ಜಾಸ್ತಿ ಹಿಡಿಸದ ಕಾರಿನ ಮೇಲೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವುದು) ಸಾಮಾನ್ಯವಾಗಿ ಸಿಗುವುದಿಲ್ಲ. ಕಾರು ಮಾರುವವರು, ಬಾಡಿಗೆಗೆ ಓಡಿಸುವವರು, ಡ್ರೈವಿಂಗ್ ಸ್ಕೂಲಿನವರು ಬೇರೆ. ಅಮೆರಿಕ ದುಬಾರಿ ಕಾರುಗಳ ಸವಕಳಿಗೆ 1984ರಲ್ಲೇ ಮಿತಿ ಹಾಕಿತು. ಆದರೆ 6,000 ಪೌಂಡಿಗಿಂತ (ಸುಮಾರು 2,700 ಕಿಲೋ) ಭಾರದ ಗಾಡಿಗಳಿಗೆ ಆ ಮಿತಿ ತಾಗುವುದಿಲ್ಲ. ಪರಿಣಾಮ ಊಹಿಸಿ: ಭಾರ ಹೊರುವ ಕೆಲಸವೇ ಇಲ್ಲದ ಡಾಕ್ಟರು, ವಕೀಲರು ದೈತ್ಯ ಎಸ್‌ಯುವಿ ಕೊಂಡರು. 2004ರಲ್ಲಿ ಅದಕ್ಕೂ ಸ್ವಲ್ಪ ಕಡಿವಾಣ ಬಿತ್ತು.

ಈಗ ಆ ಗೆಳೆಯನ ಮಾತು. ಕಂಪನಿ ಹೆಸರಿಗೆ ಬಿಲ್ ಮಾಡಿಸುವುದು. ಇದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಇದು ಇಷ್ಟು ಜನರ ಬಾಯಲ್ಲಿ ಓಡಾಡುತ್ತದೆ. ನಿರ್ದೇಶಕರು ಕಾರನ್ನು ಸ್ವಂತಕ್ಕೂ ಬಳಸಿದ್ದರ ಬಗ್ಗೆ ಗುಜರಾತ್ ಹೈಕೋರ್ಟು ಒಮ್ಮೆ ಒಂದು ಮಾತು ಹೇಳಿತು: ಕಂಪನಿ ಅನ್ನುವುದಕ್ಕೆ ಸ್ವಂತ ಬದುಕು ಇಲ್ಲ, ಹಾಗಾಗಿ ಕಂಪನಿಯ ಸ್ವಂತ ಬಳಕೆ ಅನ್ನುವುದೇ ಇಲ್ಲ. ಕಂಪನಿಗೆ ಖರ್ಚು ಸಿಕ್ಕಿತು. ಆದರೆ ಆ ಸವಲತ್ತಿನ ಬೆಲೆಯನ್ನು ನಿರ್ದೇಶಕರ ಆದಾಯಕ್ಕೆ ಸೇರಿಸಬೇಕಾಗುತ್ತದೆ. ಗೆಳೆಯರು ಹೇಳದೆ ಬಿಡುವುದು ಈ ಎರಡನೇ ಅರ್ಧವನ್ನು. ಇನ್ನು ನಿಮ್ಮದು ಒಬ್ಬರೇ ನಡೆಸುವ ವೃತ್ತಿ. ಬೋರ್ಡಿನ ಮೇಲೆ ಏನೇ ಹೆಸರಿದ್ದರೂ ಕಾನೂನಿಗೆ ಅದು ನೀವೇ.

ಮುಚ್ಚಿಟ್ಟರೆ ಏನಾಗುತ್ತದೆ ಅಂತ ತಿಳಿಯಬೇಕಾದರೆ ಅಮೆರಿಕದ ಹೋಟೆಲ್ ಒಡತಿ ಲಿಯೋನಾ ಹೆಮ್ಸ್‌ಲಿಯನ್ನು ನೋಡಿ. ಕನೆಕ್ಟಿಕಟ್‌ನ ಬಂಗಲೆ ರಿಪೇರಿ, ಅಮೃತಶಿಲೆಯ ನೃತ್ಯದ ನೆಲ, ಎಲ್ಲವನ್ನೂ ವ್ಯವಹಾರದ ಖರ್ಚಿನಲ್ಲಿ ತೂರಿಸಿದ್ದರು. 1989ರಲ್ಲಿ ತಪ್ಪಿತಸ್ಥೆ ಎಂದು ತೀರ್ಪಾಗಿ ಆಮೇಲೆ ಜೈಲಿಗೆ ಹೋದರು. "ತೆರಿಗೆ ಕಟ್ಟುವುದು ಸಣ್ಣ ಜನ ಮಾತ್ರ" ಅಂತ ಆಕೆ ಹೇಳಿದ್ದರು ಎಂದು ಮನೆಗೆಲಸದಾಕೆಯೇ ಕೋರ್ಟಿನಲ್ಲಿ ಸಾಕ್ಷಿ ನುಡಿದರು.

ಕೊಳ್ಳದೆ ಬಂದ ವಸ್ತುವಿನ ಬಗ್ಗೆಯೂ ಒಂದು ಮಾತು. ಪ್ರಚಾರ ಮಾಡಿದ್ದಕ್ಕೆ ಬ್ರ್ಯಾಂಡಿನವರು ಬ್ಯಾಗನ್ನೇ ಕೊಟ್ಟರೆ ಅದು ಖರ್ಚಲ್ಲ, ನಿಮ್ಮ ಆದಾಯ. ಭಾರತದಲ್ಲಿ 2022ರ ಜುಲೈ 1ರಿಂದ ಇಂಥ ಲಾಭ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಕೊಟ್ಟವರು ಶೇ 10 ಟಿಡಿಎಸ್ ಕಟ್ಟಬೇಕು ಅನ್ನುವ ನಿಯಮ ಬಂತು. ವಿಡಿಯೋ ಮುಗಿಸಿ ವಾಪಸ್ ಕೊಟ್ಟರೆ ಇಲ್ಲ, ಇಟ್ಟುಕೊಂಡರೆ ಹೌದು.

ಇಷ್ಟೆಲ್ಲ ಕೇಳಿದ ಮೇಲೂ ಮನಸ್ಸು ತಡೆಯದಿದ್ದರೆ ಒಂದು ಲೆಕ್ಕ ಹಾಕಿ. ವಾಚಿಗೆ 100 ಖರ್ಚು ಮಾಡಿದಿರಿ, ಅದು ಪಾಸೂ ಆಯಿತು ಅಂತಲೇ ಇಟ್ಟುಕೊಳ್ಳಿ. ನಿಮ್ಮ ತೆರಿಗೆ ದರ ಶೇ 30 ಆದರೆ ಉಳಿಯುವುದು 30. ಬಾಕಿ 70 ನಿಮ್ಮ ಜೇಬಿನಿಂದಲೇ ಹೋಯಿತು. ತೆರಿಗೆ ಉಳಿಸಲು ವಾಚು ಕೊಂಡೆ ಅನ್ನುವವರು ಈ 70ನ್ನು ಎಣಿಸಿರುವುದೇ ಇಲ್ಲ.

ಸೂಟು, ವಾಚಿನ ಬಿಲ್ಲುಗಳನ್ನು ಈ ವರ್ಷದ ಫೈಲಿನಿಂದ ತೆಗೆದುಬಿಡಿ. ಲ್ಯಾಪ್‌ಟಾಪ್, ಕೆಲಸದ ಫೋನು, ಸಾಫ್ಟ್‌ವೇರ್ ಬಿಲ್ಲುಗಳು ಇರಲಿ. ಕಾರಿಗೆ ಒಂದು ಲಾಗ್‌ಬುಕ್ ಇಡಿ, ಯಾವ ದಿನ ಯಾರನ್ನು ನೋಡಲು ಎಷ್ಟು ದೂರ ಹೋದಿರಿ ಅಂತ ಅವತ್ತೇ ಬರೆಯಿರಿ. ಮಾರ್ಚಿನಲ್ಲಿ ಕೂತು ಒಂದೇ ಪೆನ್ನಿನಲ್ಲಿ ಇಡೀ ವರ್ಷದ್ದು ಬರೆದರೆ ನೋಡಿದ ಕೂಡಲೇ ಗೊತ್ತಾಗುತ್ತದೆ.